ಐದು ಬುತ್ತಿಯ ದೂರ

ಈ ಕಥೆಯ ಅರ್ಧವನ್ನು ನನಗೆ ಮೊದಲು ಹೇಳಿದವರು ಕಲ್ಕತ್ತೆಯ ಡಮ್ ಡಮ್‌ನಲ್ಲಿ ವಿಮಾನ ನಿಲ್ದಾಣದ ಹತ್ತಿರ ಮೆಸ್ ನಡೆಸುವ, ಉಡುಪಿ ಕಡೆಯ ಭಟ್ಟರು. ಉಳಿದರ್ಧದಲ್ಲಿ ನಾನೇ ಇದ್ದೆ. ಆದ್ದರಿಂದ ಎರಡನ್ನೂ ಹೊಲಿದು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ದೂರ ಎನ್ನುವುದು ದೇವರು ಮಾಡಿದ್ದು, ಹೊತ್ತು ಎನ್ನುವುದೂ ದೇವರು ಮಾಡಿದ್ದು. ಇವೆರಡರ ನಡುವೆ ಮನುಷ್ಯ ವಿಮಾನ ತಂದಿಟ್ಟ ಮೇಲೆ ನಮ್ಮಂಥವರ ಮನೆಗಳಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

ಬುತ್ತಿಯ ಲೆಕ್ಕ

ನನ್ನ ಸೋದರತ್ತೆ ನಮ್ಮ ಜೊತೆ ಕಲ್ಕತ್ತೆಯ ದಕ್ಷಿಣ ತುದಿಯ ಬೆಹಾಲಾದಲ್ಲಿ ಇರುತ್ತಾರೆ. ನನಗೆ ಕಲ್ಕತ್ತೆಯಲ್ಲಿ ಸರ್ಕಾರಿ ನೌಕರಿ ಸಿಕ್ಕಾಗ, 'ಹುಡುಗ ಮೀನಿನ ಊರಿನಲ್ಲಿ ಏನು ತಿಂದಾನು' ಎಂದು ಒಂದು ತಿಂಗಳ ಮಟ್ಟಿಗೆ ಅಡುಗೆ ಮಾಡಿಹಾಕಲು ಬಂದವರು. ಆ ತಿಂಗಳು ಇನ್ನೂ ಮುಗಿದಿಲ್ಲ.

ಅತ್ತೆಗೆ ಕಿಲೋಮೀಟರು ಗೊತ್ತಿಲ್ಲ. ಕಲ್ಕತ್ತೆಯಿಂದ ಬೆಂಗಳೂರು ಎಷ್ಟು ದೂರ ಎಂದರೆ 'ಐದು ಬುತ್ತಿ' ಎನ್ನುತ್ತಾರೆ. ಹೌರಾದಲ್ಲಿ ರೈಲು ಹತ್ತಿದ ರಾತ್ರಿ ಖರಗ್‌ಪುರದ ಹತ್ತಿರ ಮೊದಲ ಬುತ್ತಿ, ಚಪಾತಿ ಮತ್ತು ಒಣಪಲ್ಯ. ಬೆಳಗ್ಗೆ ಚಿಲ್ಕಾ ಸರೋವರ ಕಂಡಾಗ ಗೊಜ್ಜವಲಕ್ಕಿ. ಮಧ್ಯಾಹ್ನ ವಿಶಾಖಪಟ್ಟಣದಲ್ಲಿ ಪುಳಿಯೋಗರೆ. ಸಂಜೆ ವಿಜಯವಾಡದಲ್ಲಿ ಮೊಸರನ್ನ. ಮರುದಿನ ಬೆಳಗ್ಗೆ ಜೋಲಾರಪೇಟೆಯಲ್ಲಿ ಹುರಿಹಿಟ್ಟು, ಬೆಲ್ಲ. ಅಲ್ಲಿಗೆ ಊರು ಬಂತು. ಮೊಸರನ್ನದ ಬುತ್ತಿಯನ್ನು ಅವರು ಮೊಸರಿನಲ್ಲಿ ಕಲಸುವುದೇ ಇಲ್ಲ. ಅನ್ನಕ್ಕೆ ಹಾಲು ಸುರಿದು ಒಂದು ಚಮಚ ಮೊಸರು ಬಿಟ್ಟು ಕಟ್ಟುತ್ತಾರೆ. ರೈಲಿನ ಕುಲುಕಾಟಕ್ಕೆ ಅದು ನಿಧಾನವಾಗಿ ಹೆಪ್ಪಾಗಿ, ವಿಜಯವಾಡಕ್ಕೆ ಸರಿಯಾಗಿ ಹದಕ್ಕೆ ಬರುತ್ತದೆ.

ಒಮ್ಮೆ ರೈಲು ಬಯಲಿನಲ್ಲಿ ನಿಂತುಬಿಟ್ಟಿತು. ಎಷ್ಟು ಹೊತ್ತು ತಡ ಎಂದು ಟಿಕೆಟ್ ಪರೀಕ್ಷಕರನ್ನು ಕೇಳಿದರೆ ಅವರಿಗೂ ತಿಳಿಯದು. ಅತ್ತೆ ನಾಲ್ಕನೆಯ ಬುತ್ತಿಯ ಗಂಟು ಸಡಿಲಿಸಿ, ಬೆರಳಿನಿಂದ ಮುಟ್ಟಿ ನೋಡಿ, "ಇನ್ನೂ ಹಾಲು ಹಾಲಾಗಿದೆ. ವಿಜಯವಾಡಕ್ಕೆ ಆರು ಗಂಟೆಯಾದರೂ ಬೇಕು" ಎಂದರು. ಆರು ಗಂಟೆಯೇ ಹಿಡಿಯಿತು. ಅಂದಿನಿಂದ ಆ ಪರೀಕ್ಷಕರು ಅತ್ತೆಯನ್ನು ಕಂಡಾಗಲೆಲ್ಲ ಕೈಯಲ್ಲಿದ್ದ ವೇಳಾಪಟ್ಟಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬಂಗಾಳಿಗಳು ದೊಡ್ಡಮ್ಮನನ್ನು ಕರೆಯುವ ಹಾಗೆ, "ಮಾಸಿಮಾ, ಹೆಪ್ಪು ಏನು ಹೇಳುತ್ತದೆ?" ಎಂದು ಕೇಳುತ್ತಿದ್ದರು.

ಆರನೆಯದು ಇರಲಿಲ್ಲ

ನಗುವುದಕ್ಕೆ ಮೊದಲು ಒಂದು ನೋವಿನ ಮಾತು ಹೇಳಬೇಕು. ಅತ್ತೆಗೆ ಒಬ್ಬಳು ತಂಗಿ, ಬೆಂಗಳೂರಿನ ನಮ್ಮ ಚಿಕ್ಕತ್ತೆ. ಚಿಕ್ಕತ್ತೆಯ ಮಗಳ ಮದುವೆಗೆ ಅತ್ತೆ ಹೊರಟಾಗ ರೈಲು ಹತ್ತು ಗಂಟೆ ತಡವಾಯಿತು. ಐದು ಬುತ್ತಿಯೂ ಮುಗಿದು, ಹಸಿದು, ಚಪ್ಪರದೊಳಗೆ ಕಾಲಿಟ್ಟಾಗ ಕೊನೆಯ ಪಂಕ್ತಿಯ ಎಲೆ ಎತ್ತುತ್ತಿದ್ದರು. ನೆಂಟರ ನಡುವೆ ಚಿಕ್ಕತ್ತೆ ಅಂದಿದ್ದು ಇಷ್ಟೇ: "ಬಾರಕ್ಕ. ನೀನು ಯಾವತ್ತೂ ಎಲೆ ಎತ್ತುವ ಹೊತ್ತಿಗೇ ಬರುವವಳು."

ಯಾರೋ ನಕ್ಕರು. ಅತ್ತೆ ನೀರು ಕೂಡ ಕುಡಿಯದೆ ಅದೇ ಸಂಜೆ ರೈಲು ಹತ್ತಿದರು. ಆಮೇಲೆ ಹನ್ನೊಂದು ವರ್ಷ ಕಾಗದವಿಲ್ಲ, ಫೋನಿಲ್ಲ.

ಆ ಮುನಿಸು ಕರಗಿಸಲು ಹೊರಟವನು ಚಿಕ್ಕತ್ತೆಯ ಮಗ. ಕಂಪ್ಯೂಟರ್ ಕಂಪನಿಯವರು ಅವನನ್ನು ಎರಡು ವರ್ಷ ಕಲ್ಕತ್ತೆಯ ಸಾಲ್ಟ್ ಲೇಕಿಗೆ ಕಳಿಸಿದ್ದರು. ಗಾಜಿನ ಕಟ್ಟಡಗಳು ಅಣಬೆಯ ಹಾಗೆ ಏಳುತ್ತಿದ್ದ ಕಾಲ ಅದು. ಅವನು ದಿನವೂ ಊಟ ಮಾಡುತ್ತಿದ್ದುದು ಡಮ್ ಡಮ್‌ನ ನಮ್ಮ ಭಟ್ಟರ ಮೆಸ್ಸಿನಲ್ಲಿ. ಊರಿಗೆ ಮರಳಿದವನು ಮಗನ ಉಪನಯನ ಗೊತ್ತಾದ ಕೂಡಲೇ ನಮ್ಮ ಮನೆಗೆ ಫೋನು ಮಾಡಿದ. "ಅಡುಗೆಗೆ ಭಟ್ಟರೇ ಬರಬೇಕು, ಅವರಿಗೆ ವಿಮಾನದ ಟಿಕೆಟ್ ಕಳಿಸಿದ್ದೀನಿ. ದೊಡ್ಡಮ್ಮನೂ ಬರಲೇಬೇಕು."

ಅತ್ತೆ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಕೇಳಿದರು. "ನಿಮ್ಮಮ್ಮ ಕರೆದಳೇನೋ?"

"ಕರೆಯಲಿಲ್ಲ ದೊಡ್ಡಮ್ಮ. ಆದರೆ 'ಅವಳು ಬಂದರೂ ಎಲೆ ಎತ್ತಿದ ಮೇಲೇ' ಅಂದಳು."

ಅತ್ತೆ ಫೋನಿಟ್ಟು ನನ್ನ ಕಡೆ ತಿರುಗಿದರು. "ಅವಳು ಎಲೆ ಹಾಕುವ ಮೊದಲು ನಾನು ಅವಳ ಬಾಗಿಲಲ್ಲಿ ಇರಬೇಕು. ಮೊದಲ ಪಂಕ್ತಿಯಲ್ಲಿ ಕೂರಬೇಕು. ಏನು ಮಾಡ್ತೀಯೋ ಮಾಡು." ಕರೆಯೋಲೆಗೆ ಆಗದ ಕೆಲಸ ಹಂಗಿಸುವ ಮಾತಿಗೆ ಆಗುತ್ತದೆ ಎಂದು ಅವತ್ತು ತಿಳಿಯಿತು.

ಕೊಟ್ಟಿಗೆಗೆ ಮರಳುವ ಹಸು

ವಿಮಾನದ ಹೊತ್ತಿನ ವಿಚಾರದಲ್ಲಿ ನಾನು ಪಂಡಿತನೇ. ಎಸ್ಪ್ಲನೇಡಿನ ನಮ್ಮ ಕಚೇರಿಯಲ್ಲಿ ಪ್ರವಾಸದ ಕಾಗದಗಳು ನನ್ನ ಮೇಜಿಗೇ ಬರುವುದು. ಒಬ್ಬ ಚಿಕ್ಕ ವಯಸ್ಸಿನ ಅಧಿಕಾರಿ ಕಂಪ್ಯೂಟರ್ ತರಬೇತಿಗೆ ಬೆಂಗಳೂರಿಗೆ ಹೋಗಿ ಬಂದಿದ್ದರು. ಹೋಗುವಾಗ ಎರಡು ಗಂಟೆ ನಲವತ್ತು ನಿಮಿಷ, ಬರುವಾಗ ಎರಡು ಗಂಟೆ ಇಪ್ಪತ್ತು ನಿಮಿಷ ಎಂದು ಬರೆದಿದ್ದರು. ನಮ್ಮ ದೊಡ್ಡ ಸಾಹೇಬರು ಅದರ ಪಕ್ಕ ಕೆಂಪು ಶಾಯಿಯಲ್ಲಿ ಕೇಳಿದರು: 'ದೂರ ಒಂದೇ. ಇಪ್ಪತ್ತು ನಿಮಿಷ ಎಲ್ಲಿ ಹೋಯಿತು?'

ಮೇಲೆ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಬರುವಾಗ ಹಿಂದಿನಿಂದ ತಳ್ಳುತ್ತದೆ ಎಂದು ಬರೆದೆ. 'ಗಾಳಿಗೆ ಆಧಾರವೇನು?' ಎಂದು ಕಡತ ಮರಳಿತು. ನಾನು ಹಳ್ಳಿ ಶಾಲೆಯಲ್ಲಿ ಓದಿದವನು. ನನಗೆ ಗೊತ್ತಿದ್ದ ಆಧಾರವನ್ನೇ ಇಂಗ್ಲಿಷಿನಲ್ಲಿ ಬರೆದೆ: 'ನಮ್ಮೂರಿನ ಹಸು ಮೇಯಲು ಹೋಗುವಾಗ ದಾರಿಯುದ್ದಕ್ಕೂ ನಿಂತು ನಿಂತು ಹೋಗುತ್ತದೆ. ಸಂಜೆ ಮರಳುವಾಗ ಕರುವಿನ ನೆನಪಾಗಿ ಓಡುತ್ತದೆ. ದಾರಿ ಮಾತ್ರ ಅದೇ.'

ಮೂರು ದಿನ ಕಡತ ಬರಲಿಲ್ಲ. ನೌಕರಿಯೇ ಹೋಯಿತೇನೋ ಎಂದು ಎರಡು ಹೊತ್ತಿನ ಸಂಧ್ಯಾವಂದನೆಯನ್ನು ಕೊಂಚ ಉದ್ದವಾಗಿಯೇ ಮಾಡಿದೆ. ನಾಲ್ಕನೆಯ ದಿನ ಬಂತು. 'ಒಪ್ಪಿದೆ' ಎಂದು ಸಹಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: 'ಆ ಅಧಿಕಾರಿಗೆ ಹೋದ ತಿಂಗಳಷ್ಟೇ ಮದುವೆಯಾಗಿದೆ ಎಂದು ವಿಚಾರಿಸಿ ತಿಳಿದುಕೊಂಡೆ.'

ಬೆಹಾಲಾದಿಂದ ಡಮ್ ಡಮ್

ಎರಡೂವರೆ ಗಂಟೆಯ ದಾರಿ ಎಂದಾಗ ಅತ್ತೆ ನಂಬಲಿಲ್ಲ. ಮೇಲಿನ ಮನೆಯ ಬಂಗಾಳಿ ದಾದಾ ಸಾಕ್ಷಿ ಹೇಳಲು ಕೆಳಗಿಳಿದು ಬಂದರು.

"ಹೌದು ಮಾಸಿಮಾ, ಎರಡೂವರೆ ಗಂಟೆ. ದುರ್ಗಾಪೂಜೆಯ ದಿನಗಳಲ್ಲಿ ಬೆಹಾಲಾದಿಂದ ಡಮ್ ಡಮ್‌ಗೆ ಬಸ್ಸಿನಲ್ಲಿ ಅಷ್ಟೇ ಆಗುತ್ತೆ."

ಅತ್ತೆ ಸ್ವಲ್ಪ ಯೋಚಿಸಿದರು. "ಹಾಗಾದರೆ ಡಮ್ ಡಮ್‌ಗೆ ಹೋಗುವುದಕ್ಕೆ ಎರಡೂವರೆ, ಅಲ್ಲಿಂದ ಬೆಂಗಳೂರಿಗೆ ಎರಡೂವರೆ. ಕಲ್ಕತ್ತೆಯೊಳಗೇ ಅರ್ಧ ದಾರಿ ಮುಗಿದುಹೋಯಿತು ಅನ್ನಿ."

ನನ್ನ ಮಗಳು, ಆಗ ಏಳನೇ ಕ್ಲಾಸು, ಕನ್ನಡಕ್ಕೆ ಹಿಂದಿ ಸೇರಿಸಿ ಬಡಿಸುವವಳು, "ಅಜ್ಜಿ, ಫಿರ್ ಬುತ್ತಿ ಯಾಕೆ? ಹೊಟ್ಟೆಗೆ ಭೂಖ್ ಆಗೋ ಮೊದಲೇ ಬೆಂಗಳೂರು ಬಂದುಬಿಡುತ್ತೆ" ಎಂದಳು.

"ರೈಲೂ ಹೇಳಿದ ಹೊತ್ತಿಗೆ ಹೋಗಬೇಕಾದ್ದೇ ಆಗಿತ್ತು ಮಗು" ಎಂದು ಅತ್ತೆ ಎದ್ದು ಹುಣಸೆಹಣ್ಣು ನೆನೆಹಾಕಿದರು. ನಮ್ಮ ಮನೆಯಲ್ಲಿ ಬುತ್ತಿ ನಾಲ್ಕಾಗುವುದಿಲ್ಲ. ಐದೇ ಆಯಿತು.

ಪ್ರಸ್ಥಾನ

ಉಪನಯನ ಗುರುವಾರ. ಗುರುವಾರ ದಕ್ಷಿಣಕ್ಕೆ ಹೊರಡಬಾರದು, ಆ ದಿಕ್ಕಿಗೆ ಅಂದು ಹೋದರೆ ಕೆಡುಕು, ಶೂಲೆ ಎನ್ನುತ್ತಾರೆ. ಬುಧವಾರ ಹೊರಡೋಣವೆಂದರೆ ನನಗೆ ರಜೆಯಿಲ್ಲ. ಇಂಥದಕ್ಕೆ ಹಿರಿಯರು ಪ್ರಸ್ಥಾನವೆಂಬ ದಾರಿ ಮಾಡಿಟ್ಟಿದ್ದಾರೆ. ಒಳ್ಳೆಯ ದಿನ ನೋಡಿ, ಹೊರಡುವವರ ಒಂದು ಗಂಟನ್ನು ಮುಂಚಿತವಾಗಿ ಮನೆಯಿಂದ ದಾಟಿಸಿ, ಹೋಗುವ ದಾರಿಯಲ್ಲಿರುವ ಪರಿಚಿತರ ಮನೆಯಲ್ಲಿ ಇಡುವುದು. ಗಂಟು ಹೊರಟರೆ ಮನುಷ್ಯ ಹೊರಟಂತೆಯೇ. ಆಮೇಲೆ ಯಾವ ದಿನ ಹೋದರೂ ದೋಷವಿಲ್ಲ. ಗಂಟನ್ನು ಮಾತ್ರ ದಾರಿಯಲ್ಲಿ ಎತ್ತಿಕೊಂಡು ಮುಂದೆ ಹೋಗಬೇಕು, ಮನೆಗೆ ವಾಪಸು ತರುವಂತಿಲ್ಲ.

ಮಂಗಳವಾರ ಅತ್ತೆ ಹಳೆಯ ಪಂಚೆಯಲ್ಲಿ ಗಂಟು ಕಟ್ಟಿಕೊಟ್ಟರು. ಅಕ್ಕಿ, ತೆಂಗಿನಕಾಯಿ, ಒಂದು ಸೀರೆ ಎಂದು ನಾನು ತಿಳಿದುಕೊಂಡೆ. ಅದನ್ನು ಭಟ್ಟರ ಮೆಸ್ಸಿಗೆ ಕೊಟ್ಟು, "ಗುರುವಾರ ಬೆಳಗ್ಗೆ ಬಂದು ಎತ್ತಿಕೊಳ್ತೀವಿ" ಎಂದೆ. ಭಟ್ಟರು ಒಗ್ಗರಣೆಯ ಸದ್ದಿನಲ್ಲಿ ತಲೆಯಾಡಿಸಿದರು.

ಗುರುವಾರ ಸೂರ್ಯ ಹುಟ್ಟುವ ಮುಂಚೆ ಟ್ಯಾಕ್ಸಿಯಲ್ಲಿ ಮೆಸ್ಸಿನ ಮುಂದೆ ಇಳಿದರೆ ಬಾಗಿಲಿಗೆ ಬೀಗ. ಭಟ್ಟರು ಬುಧವಾರವೇ ಒಂದು ಪಂಚೆಯ ಗಂಟು ಹಿಡಿದು ವಿಮಾನಕ್ಕೆ ಹೋದರೆಂದು ಪಕ್ಕದ ಚಹಾ ಅಂಗಡಿಯವನು ಹೇಳಿದ. ಅಡುಗೆಯವರು ಒಂದು ದಿನ ಮುಂಚೆಯೇ ಹೋಗಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ. ಮೆಸ್ಸು ಐದು ದಿನ ರಜ.

ಇಲ್ಲಿ ಭಟ್ಟರ ಅರ್ಧ ಬರುತ್ತದೆ. ಅವರು ಆಮೇಲೆ ನನಗೆ ಹೇಳಿದ್ದು ಹೀಗೆ: "ನಾನು ಬೀಗ ಹಾಕ್ಲಿಕ್ಕೆ ಹೋದೆ ಮಾರಾಯ್ರೆ. ನೋಡಿದ್ರೆ ನಿಮ್ಮತ್ತೆಯ ಗಂಟು ಒಳಗೆ ಉಂಟು. ಪ್ರಸ್ಥಾನದ ಗಂಟನ್ನು ಬೀಗ ಹಾಕಿ ಕೂಡಿಟ್ರೆ ಅಮ್ಮನ ಪ್ರಯಾಣವನ್ನೇ ಕೂಡಿಟ್ಟ ಹಾಗೆ ಅಲ್ವಾ? ನಿಮಗೆ ಬೀಗದಕೈ ಕೊಡ್ಲಿಕ್ಕೆ ಬೆಹಾಲಾಕ್ಕೆ ಬಂದ್ರೆ ನನ್ನ ವಿಮಾನ ಹೋಗ್ತದೆ. ಹೇಗೂ ಗಂಟು ಮುಂದಕ್ಕೇ ಹೋಗ್ಬೇಕಲ್ಲ, ನಾನೂ ಮುಂದಕ್ಕೇ ಹೋಗುವುದಲ್ಲ ಅಂತ ಜೊತೆಗೆ ತಗೊಂಡೆ. ಶಾಸ್ತ್ರದಲ್ಲಿ ಎಂತ ತಪ್ಪುಂಟು, ಹೇಳಿ?"

ಶಾಸ್ತ್ರದಲ್ಲಿ ತಪ್ಪಿರಲಿಲ್ಲ. "ಹೋಗಲಿ ಅತ್ತೆ, ಅಕ್ಕಿ ತೆಂಗಿನಕಾಯಿ ತಾನೆ" ಎಂದು ನಾನೂ ಸಮಾಧಾನದಿಂದ ವಿಮಾನ ನಿಲ್ದಾಣಕ್ಕೆ ಬಂದೆ. ಬಾಗಿಲಲ್ಲಿ ಬಂದೂಕಿನ ಜವಾನ ಕೈ ಚಾಚಿ, "ಟಿಕೆಟ್?" ಎಂದ.

ನಾನು ಅತ್ತೆಯ ಕಡೆ ನೋಡಿದೆ. ಟಿಕೆಟ್ಟಿನ ಕಾಗದವನ್ನು ದೇವರ ಮುಂದೆ ಇಡುತ್ತೇನೆಂದು ಅವರೇ ಇಸಿದುಕೊಂಡಿದ್ದರು.

"ಗಂಟಿನಲ್ಲಿದೆ" ಎಂದರು ಅತ್ತೆ.

"ಗಂಟಿನಲ್ಲಿ ಯಾಕೆ ಇಟ್ಟಿರಿ ಅತ್ತೆ!"

"ಯಾವುದಿಲ್ಲದೆ ಪ್ರಯಾಣ ಆಗುವುದಿಲ್ಲವೋ ಅದನ್ನೇ ಪ್ರಸ್ಥಾನಕ್ಕೆ ಇಡಬೇಕು ಕಣೋ. ನಮ್ಮಪ್ಪ ಕೊಡೆ ಇಡುತ್ತಿದ್ದರು."

ಏಣಿ, ಹಾವು, ಕೊಡಲಿ

ಗುರುತಿಗೆ ಅತ್ತೆಯ ಸೊಂಟದ ಚೀಲದಲ್ಲಿ ಫೋಟೋ ಅಂಟಿಸಿದ ಪಿಂಚಣಿ ಪುಸ್ತಕವಿತ್ತು, ನನ್ನ ಕಚೇರಿಯ ಕಾರ್ಡಿತ್ತು. ಕಿಟಕಿಯ ಹಿಂದಿನ ಗುಮಾಸ್ತೆ, "ಕಾಗದದ ಮೇಲಿನ ನಂಬರು ಹೇಳಿ, ಇನ್ನೊಂದು ತೆಗೆದುಕೊಡುತ್ತೇನೆ" ಎಂದಳು. ಆ ನಂಬರಿದ್ದ ಕಾಗದ ಒಂದು ರಾತ್ರಿ ಬೆಂಗಳೂರಿನಲ್ಲಿ ಮಲಗಿ ಎದ್ದಿತ್ತು. ಭಟ್ಟರ ಮೊಬೈಲಿಗೆ ಮಾಡಿದೆ.

ಬೆಂಗಳೂರಿನಲ್ಲಿ ಆಗ ಭಟ್ಟರು ಮಡಿಯುಟ್ಟು ಒಲೆಯ ಮುಂದೆ ನಿಂತಿದ್ದಾರೆ. ಮೊಬೈಲು ಗೂಟದಲ್ಲಿ ನೇತಾಡುವ ಅಂಗಿಯ ಜೇಬಿನಲ್ಲಿ ಕೂಗುತ್ತಿದೆ. ಮುಟ್ಟುವಂತಿಲ್ಲ. "ಅಮ್ಮಾ, ಯಾರಾದ್ರೂ ಅದರ ಬಾಯಿ ಮುಚ್ಚಿಸಿ!" ಎಂದು ಕೂಗಿದರಂತೆ. ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದ ಚಿಕ್ಕತ್ತೆ ಬಂದು ಅದನ್ನು ಎತ್ತಿಕೊಂಡು ಬಾಗಿಲಿಗೇ ಮರಳಿದರು. ಇತ್ತ ನನ್ನ ಕೈಯಿಂದ ಅತ್ತೆ ಕಿತ್ತುಕೊಂಡರು.

"ಯಾರು?"

"ನಾನು."

ಹನ್ನೊಂದು ವರ್ಷದ ಮೇಲೆ ಕೇಳಿದ ದನಿ. ಆ ಕಡೆ ರಂಗೋಲಿಯ ಬಟ್ಟಲು ಕೆಳಗಿಟ್ಟ ಸದ್ದು. ಈ ಕಡೆ ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ಮೊಬೈಲಿನ ದನಿ ಎಷ್ಟು ಜೋರಿತ್ತೆಂದರೆ ಪಕ್ಕದಲ್ಲಿದ್ದ ನನಗೂ, ಗುಮಾಸ್ತೆಗೂ ಕೇಳುತ್ತಿತ್ತು.

"ಎಲ್ಲಿದ್ದೀಯಕ್ಕ?"

"ಬಾಗಿಲಲ್ಲಿ."

"ಬಾಗಿಲಲ್ಲೇ ಇದ್ದೀನಲ್ಲ, ನೀನು ಕಾಣಲ್ಲ!"

"ನಿನ್ನ ಬಾಗಿಲಲ್ಲ. ಡಮ್ ಡಮ್ ಬಾಗಿಲು."

"ಇನ್ನೂ ಡಮ್ ಡಮ್‌ನಲ್ಲೇ ಇದ್ದೀಯಾ! ಮಾತು ಉಳಿಸಿಕೊಂಡೆ ಬಿಡು. ಎಲೆ ಎತ್ತುವ ಹೊತ್ತಿಗೆ ಸರಿಯಾಗಿ ಬರ್ತೀಯ."

"ಕೊಂಕು ಆಮೇಲೆ ಆಡುವೆಯಂತೆ. ನನ್ನ ಗಂಟು ಬಿಚ್ಚೇ. ಒಳಗೆ ಕಾಗದ ಇದೆ. ಅದರ ತಲೆಯ ಮೇಲೆ ಏನೋ ಬರೆದಿದೆಯಂತೆ, ಓದು."

"ನನಗೆ ಇಂಗ್ಲಿಷ್ ಬರಲ್ಲ ಅಂತ ನಿನಗೆ ಗೊತ್ತಿಲ್ವಾ? ಒಂದೇ ಶಾಲೆಯಿಂದ ಇಬ್ಬರನ್ನೂ ಬಿಡಿಸಿದರಲ್ಲ."

"ನೋಡಿದ್ದನ್ನು ಹೇಳು. ರಂಗೋಲಿ ಹೇಳಿಕೊಟ್ಟ ಹಾಗೆ ಹೇಳು."

ಚಿಕ್ಕತ್ತೆ ಹೇಳಿದರು, ಅತ್ತೆ ನನಗೆ ದಾಟಿಸಿದರು. "ಒಂದೇ ಮೆಟ್ಟಿಲಿನ ಏಣಿ. ಆಮೇಲೆ ಹೆಡೆಯಿಲ್ಲದ ಹಾವು. ಆಮೇಲೆ ಕೊಡಲಿ, ಬಾಯಿ ಬಲಕ್ಕೆ." ಮುಂದಿನವು ಅಂಕಿಗಳು, ಅವು ಇಬ್ಬರಿಗೂ ಬರುತ್ತಿದ್ದವು. ಐದನೇ ತರಗತಿಯಲ್ಲಿ ಎಬಿಸಿಡಿ ಕಲಿತ ನಾನು ಎಚ್, ಎಸ್, ಪಿ ಎಂದು ಬರೆದು ಕಿಟಕಿಗೆ ಕೊಟ್ಟೆ. ಯಂತ್ರ ಕರಕರ ಎಂದು ಕಾಗದ ಉಗುಳಿತು.

ಗುಮಾಸ್ತೆ ಕಾಗದ ಕೊಡುತ್ತಾ ಮೆಲ್ಲಗೆ ಕೇಳಿದಳು: "ಇದು ಯಾವ ಭಾಷೆ? ನಂಬರು ಹೇಳುವುದಕ್ಕೆ ಇಬ್ಬರೂ ಇಷ್ಟು ಅಳಬೇಕೆ?"

ತಪಾಸಣೆ

ಹೆಂಗಸರ ತಪಾಸಣೆಯ ಪರದೆಯ ಹತ್ತಿರ ಐದು ಪೊಟ್ಟಣಗಳೂ ಹೊರಬಂದವು. ತಪಾಸಣೆಯಾಕೆ ಒಂದೊಂದನ್ನೇ ಮೂಸಿ, "ಮಾಸಿಮಾ, ಎಷ್ಟು ದಿನದ ಪ್ರಯಾಣ?" ಎಂದಳು.

"ಎರಡೂವರೆ ಗಂಟೆ" ಎಂದರು ಅತ್ತೆ, ತಮ್ಮ ಅರೆಬರೆ ಬಂಗಾಳಿಯಲ್ಲಿ.

ಆಕೆ ಐದು ಪೊಟ್ಟಣವನ್ನೂ ಅತ್ತೆಯನ್ನೂ ನೋಡಿದಳು. "ಪೈಲಟ್‌ಗೆ ಮಾತ್ರವೋ, ಅವರ ಮಕ್ಕಳು ಮರಿಗೂ ಸೇರಿಸಿ ಕಟ್ಟಿದ್ದೀರೋ?" ಎಂದು ನಗುತ್ತಾ ಬಿಟ್ಟುಬಿಟ್ಟಳು.

ವಿಮಾನದಲ್ಲಿ ಅತ್ತೆ ಏನೂ ಮುಟ್ಟಲಿಲ್ಲ. ಇಳಿಯುವಾಗ ನಾಲ್ಕನೆಯ ಬುತ್ತಿಯಲ್ಲಿ ಬೆರಳಿಟ್ಟು ನೋಡಿ, "ಹಾಲು ಹಾಲಾಗೇ ಇದೆ. ನಾವು ಇನ್ನೂ ಖರಗ್‌ಪುರವೂ ದಾಟಿಲ್ಲ ಕಣೋ" ಎಂದರು. ಕಿಟಕಿಯ ಹೊರಗೆ ಫಲಕದಲ್ಲಿ ಬೆಂಗಳೂರು ಎಂದು ಬರೆದಿತ್ತು.

ಉಗ್ರಾಣದ ರೈಲು

ನಾವು ಚಪ್ಪರಕ್ಕೆ ಬಂದಾಗ ಮುಹೂರ್ತಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಬಾಳೆಯೆಲೆಗಳು ಕಟ್ಟು ಬಿಚ್ಚದೆ ಮೂಲೆಯಲ್ಲಿದ್ದವು. ಅತ್ತೆ ಮೊದಲು ನೋಡಿದ್ದು ಅದನ್ನು, ಆಮೇಲೆ ಬಾಗಿಲಲ್ಲಿ ನಿಂತ ತಂಗಿಯನ್ನು.

"ಎಲೆ ಹಾಕಿದೆಯೇನೇ?"

"ಇಲ್ಲ."

"ಹಾಗಾದರೆ ಇವತ್ತು ನಾನು ಮುಂಚೆ ಬಂದೆ ಅಂತ ಎಲ್ಲರ ಮುಂದೆ ಹೇಳು."

ಚಿಕ್ಕತ್ತೆ ಒಳಗೆ ಹೋಗಿ ಆ ಹಳೆಯ ಪಂಚೆಯ ಗಂಟನ್ನು ತಂದು ಎಲ್ಲರ ಮುಂದೆ ಎತ್ತಿ ತೋರಿಸಿದರು. "ನಿನ್ನ ಗಂಟು ನಿನ್ನೆಯೇ ಬಂತು. ನೀನು ಇವತ್ತು ಬಂದೆ. ನಿನಗಿಂತ ನೀನೇ ಒಂದು ದಿನ ತಡ!"

ಇಡೀ ಚಪ್ಪರ ನಕ್ಕಿತು. ಈ ಸಲ ಅತ್ತೆಯೂ ನಕ್ಕರು.

ಮುಹೂರ್ತ ಸಾಂಗವಾಗಿ ಮುಗಿಯಿತು. ವಟುವಿಗೆ ಭಿಕ್ಷೆ ಹಾಕಿ ಅಕ್ಕ ತಂಗಿ ಇಬ್ಬರೂ ಎಲ್ಲೋ ಮರೆಯಾದರು. ಒಂದು ಗಂಟೆಗೆ ಎಲೆ ಹಾಕಿದರು. ಮೊದಲ ಪಂಕ್ತಿಯ ಮೊದಲ ಎಲೆ ಅತ್ತೆಯದು ಎಂದು ಚಿಕ್ಕತ್ತೆಯ ಮಗ ಮೊದಲೇ ಗೊತ್ತು ಮಾಡಿದ್ದ. ಎಲೆ ಇದೆ, ಅತ್ತೆ ಇಲ್ಲ. ಪಕ್ಕದ ಎಲೆ ಚಿಕ್ಕತ್ತೆಯದು, ಅವರೂ ಇಲ್ಲ. ದೇವರ ಮನೆ, ಹಿತ್ತಲು, ಮೇಲಿನ ಕೋಣೆ ಎಲ್ಲ ಹುಡುಕಿದೆವು. 'ಮತ್ತೆ ಜಗಳವಾಡಿ ರೈಲು ಹತ್ತಿದರೋ ಏನೋ' ಎಂದು ಅವನ ಮುಖ ಬಾಡಿತು. ಕಾದು ಕಾದು, ಹಸಿದ ಹಿರಿಯರನ್ನು ಎಷ್ಟು ಹೊತ್ತು ಕೂರಿಸುವುದೆಂದು ಬಡಿಸಿಯೇಬಿಟ್ಟರು. ಮೊದಲ ಪಂಕ್ತಿ ಮುಗಿಯಿತು, ಎರಡನೆಯದೂ ಎದ್ದಿತು.

ಬೆಲ್ಲ ತರಲು ಉಗ್ರಾಣಕ್ಕೆ ಹೋದ ಭಟ್ಟರು ಅಲ್ಲೇ ನಿಂತುಬಿಟ್ಟರು. ನಾನು ಹಿಂದಿನಿಂದ ಇಣುಕಿದೆ. ಅಕ್ಕಿ ಮೂಟೆಗಳ ನಡುವೆ ಅತ್ತೆ, ಚಿಕ್ಕತ್ತೆ ಎದುರುಬದುರು ಕಾಲು ಚಾಚಿ ಕುಳಿತಿದ್ದಾರೆ. ನಡುವೆ ನಾಲ್ಕು ಬುತ್ತಿಯ ಖಾಲಿ ಎಲೆಗಳು. ಐದನೆಯದನ್ನು ಅತ್ತೆ ಬಿಚ್ಚುತ್ತಿದ್ದಾರೆ.

"ಇದು ಯಾವ ಊರಕ್ಕ?" ಎಂದು ಚಿಕ್ಕತ್ತೆ.

"ಜೋಲಾರಪೇಟೆ. ಇನ್ನೇನು ಬಂದೇಬಿಟ್ಟಿತು."

"ಒಲೆಮನೆಯ ಕಾವಿಗೆ ವಿಜಯವಾಡದ ಮೊಸರನ್ನ ಬೇಗನೆ ಹದವಾಗಿ ಹೆಪ್ಪಾಗಿತ್ತು. ಅಮ್ಮನ ಕೈಯದೇ."

ಭಟ್ಟರು ಹಣೆ ಹಣೆ ಚಚ್ಚಿಕೊಂಡರು. "ಅಮ್ಮಾ, ಎಂತ ಮಾಡ್ತಾ ಇದ್ದೀರಿ? ಕಲ್ಕತ್ತೆಯಿಂದ ಹಾರಿ ಬಂದು ನಾನು ಹೋಳಿಗೆ ಮಾಡಿದ್ದು ಯಾರಿಗೆ?"

"ಬುತ್ತಿ ಬಿಚ್ಚದೆ ಪ್ರಯಾಣ ಮುಗಿಯುವುದಿಲ್ಲ ಭಟ್ಟರೇ" ಎಂದರು ಅತ್ತೆ, ಗಂಭೀರವಾಗಿ. "ವಿಮಾನ ನನ್ನನ್ನು ತಂದುಬಿಟ್ಟಿತು, ದಾರಿ ಹಿಂದೆಯೇ ಉಳಿದಿತ್ತು. ಇವಳಿಗೂ ಹನ್ನೊಂದು ವರ್ಷದ್ದು ಹೇಳುವುದಿತ್ತು. ಅಷ್ಟು ಮಾತಿಗೆ ಎರಡೂವರೆ ಗಂಟೆಯ ದೂರ ಸಾಲದು. ಅದಕ್ಕೇ ಹೌರಾದಿಂದ ಹೊರಟೆವು."

"ಅಲ್ಲಿ ಎಲೆ ಎತ್ತಿ ಆಯ್ತಲ್ಲ ಅಮ್ಮಾ!"

ಚಿಕ್ಕತ್ತೆ ಹುರಿಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿಬಂದು ಚಪ್ಪರ ನೋಡಿದರು. ಅಲ್ಲಿ ಬಡಿಸಿದವರು ಕೊನೆಯ ಎಲೆಯನ್ನು ಮಡಿಸಿ ಎತ್ತುತ್ತಿದ್ದರು. ತಿರುಗಿ ಅಕ್ಕನನ್ನು ನೋಡಿದರು.

"ಹಾಳಾದವಳೇ! ನಿನ್ನ ರೈಲು ಹತ್ತಿ, ನಮ್ಮನೆ ಊಟಕ್ಕೆ ನಾನೇ ಎಲೆ ಎತ್ತುವ ಹೊತ್ತಿಗೆ ಬಂದ ಹಾಗಾಯಿತಲ್ಲೇ!"

ಅತ್ತೆ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು, ಸೆರಗು ಕೊಡವಿ, ನಿಧಾನವಾಗಿ ಎದ್ದರು. "ಬಾರೇ" ಎಂದರು. "ನೀನು ಯಾವತ್ತೂ ಹೀಗೇ."

ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಿ. ಕಲ್ಕತ್ತೆಯಿಂದ ಬೆಂಗಳೂರಿಗೆ ಎಷ್ಟು ದೂರ ಎಂದು ಯಾರಾದರೂ ಕೇಳಿದಾಗ ಹೇಳಿದರೆ ಇನ್ನೂ ಒಳ್ಳೆಯದು. ಬುತ್ತಿ ಮಾತ್ರ ಐದೇ ಎನ್ನಿ. ಭಟ್ಟರು ಹೇಳುವಾಗ ಏಳು ಮಾಡುತ್ತಾರೆ, ಹೋಳಿಗೆ ಉಳಿದ ಸಿಟ್ಟು ಅವರಿಗೆ ಇನ್ನೂ ಇಳಿದಿಲ್ಲ.